ಬಟನ್ನೋ, ಟಚ್ ಸ್ಕ್ರೀನೋ? ಮಶೀನಿನ ಕಂಟ್ರೋಲ್ ಪ್ಯಾನಲ್ ಆರಿಸುವ ಮುನ್ನ

ಬೆಳಗಾವಿಯ ಉದ್ಯಮಬಾಗದಲ್ಲೋ ಮಚ್ಛೆಯಲ್ಲೋ ಹಳೇ ಪ್ರೆಸ್ಸಿನ (ತಗಡು ಒತ್ತಿ ಆಕಾರ ಕೊಡುವ ಮಶೀನಿನ) ಪ್ಯಾನಲ್ ಬದಲಿಸುವ ಮಾತು ಬಂತೆಂದರೆ ಬೇಗ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಬಟನ್ ಸಾಕೋ, ಟಚ್ ಸ್ಕ್ರೀನ್ ಹಾಕಿಸಬೇಕೋ? ಪ್ಯಾನಲ್ ಮಾಡಿಕೊಡುವವರು ಏಳು ಇಂಚಿನ ಸ್ಕ್ರೀನ್ ತೋರಿಸುತ್ತಾರೆ. ಮಾಲಕರಿಗೆ ಖರ್ಚಿನ ಚಿಂತೆ, ಮೆಂಟೆನನ್ಸ್‌ನವರಿಗೆ ರಿಪೇರಿಯ ಚಿಂತೆ. ಎಂಟು ತಾಸು ಅದರ ಮುಂದೆ ನಿಲ್ಲುವ ಆಪರೇಟರನ್ನು ಕೇಳುವುದು ಕಡೆಗೆ. ಎಷ್ಟೋ ಕಡೆ ಕೇಳುವುದೇ ಇಲ್ಲ. ಈ ಮಾರ್ಗದರ್ಶಿಯಲ್ಲಿ ಲೆಕ್ಕ ಶುರುವಾಗುವುದು ಆಪರೇಟರನಿಂದ. ಅವರ ಕೈ, ಕಣ್ಣು, ನಿಲ್ಲುವ ಜಾಗ, ಓದುವ ಭಾಷೆ ಇವುಗಳನ್ನು ಅಳೆದ ಮೇಲೆ ಯಾವ ಪ್ಯಾನಲ್ ಬೇಕು ಎನ್ನುವುದು ಬಹುಪಾಲು ತಾನೇ ಗೊತ್ತಾಗುತ್ತದೆ.

ಮೊದಲು ಏನೇನು ಅಳೆಯಬೇಕು

ಒಂದು ಕಾಗದ, ಒಂದು ಪೆನ್ನು ಹಿಡಿದು ಮಶೀನಿನ ಪಕ್ಕ ಒಂದು ತಾಸು ನಿಲ್ಲಿ. ಆಪರೇಟರ್ ಯಾವ ಬಟನ್ ಎಷ್ಟು ಸಲ ಒತ್ತುತ್ತಾರೆ ಎಂದು ಗೀಟು ಹಾಕುತ್ತ ಹೋಗಿ. ಬೇರೆ ಯಾವ ಅಳತೆಯೂ ಇದರಷ್ಟು ಉಪಯೋಗಕ್ಕೆ ಬರುವುದಿಲ್ಲ. 20 ಸೆಕೆಂಡಿಗೆ ಒಂದು ಜಾಬ್ (ತಯಾರಾಗುವ ತುಣುಕು) ಬರುವ ಪ್ರೆಸ್ ಎಂದುಕೊಳ್ಳಿ. ಎಂಟು ತಾಸಿನ ಪಾಳಿಯಲ್ಲಿ ಊಟ, ಚಹಾ, ಡೈ (ಆಕಾರ ಕೊಡುವ ಅಚ್ಚು) ಸೆಟ್ಟಿಂಗ್‌ಗೆ ಒಂದು ತಾಸು ಕಳೆದರೆ ಉಳಿಯುವುದು 420 ನಿಮಿಷ. ನಿಮಿಷಕ್ಕೆ ಮೂರರಂತೆ 1,260 ಸಲ ಸೈಕಲ್ ಬಟನ್ ಒತ್ತಬೇಕು. ಅದೇ ಪಾಳಿಯಲ್ಲಿ ಪ್ರೆಶರ್ ಅಥವಾ ಟೈಮರ್ ಬದಲಿಸುವುದು ಎರಡೋ ಮೂರೋ ಸಲ. ಈ ಎರಡೂ ಕೆಲಸಕ್ಕೆ ಒಂದೇ ಸಾಧನ ಕೊಡಲು ಹೋದಾಗಲೇ ತಪ್ಪುಗಳು ಹುಟ್ಟುತ್ತವೆ. ಬಟನ್ನನ್ನು ಬೆರಳು ನೋಡದೆಯೇ ಹುಡುಕಿಕೊಳ್ಳುತ್ತದೆ. ಸ್ಕ್ರೀನಿಗೆ ಕಣ್ಣು ಹೋಗಲೇಬೇಕು. ಪ್ರತಿ ಸಲ ಒಂದು ಸೆಕೆಂಡ್ ಹೆಚ್ಚು ಹಿಡಿದರೂ 1,260 ಸಲಕ್ಕೆ 21 ನಿಮಿಷ ಹೋಯಿತು. ಅದಕ್ಕಿಂತ ಮುಖ್ಯ, ಆ ಒಂದು ಸೆಕೆಂಡ್ ಕಣ್ಣು ಜಾಬ್ ಮೇಲೆ ಇರುವುದಿಲ್ಲ.

ಎರಡನೆಯದು ಕೈಯ ಸ್ಥಿತಿ. ಲೆದರ್ ಗ್ಲೋವ್ಸ್ ಇದೆಯೇ, ಕೂಲ್ಯಾಂಟ್ ಎಣ್ಣೆ ಹತ್ತಿರುತ್ತದೆಯೇ, ಫೌಂಡ್ರಿಯ ಉಸುಕು ಮೆತ್ತಿರುತ್ತದೆಯೇ, ಬೆಲ್ಲದ ಪಾಕವೋ ದ್ರಾಕ್ಷಿಯ ಅಂಟೋ ಇದೆಯೇ? ಮೂರನೆಯದು ಕಣ್ಣು ಎಲ್ಲಿರುತ್ತದೆ, ಪ್ಯಾನಲ್ ಎಷ್ಟು ದೂರ. ನಾಲ್ಕನೆಯದು ಸದ್ದು. ಒಂದು ಮೀಟರ್ ದೂರದಲ್ಲಿ ನಿಂತವರಿಗೆ ಕೂಗಿ ಹೇಳಬೇಕಾಗಿದೆ ಎಂದರೆ ಸದ್ದು 85 ಡೆಸಿಬೆಲ್ ಮುಟ್ಟಿದೆ ಎಂದೇ ಹಿಡಿಯಿರಿ. ಅಲ್ಲಿ ಬಜರ್ ಕೇಳಿಸುತ್ತದೆ ಎಂದು ನಂಬಬೇಡಿ, ಎತ್ತರದಲ್ಲಿ ದೀಪ ಬೇಕು. ಐದನೆಯದು ಭಾಷೆ. ಬೆಳಗಾವಿಯ ಒಂದೇ ಶೆಡ್ಡಿನಲ್ಲಿ ಕನ್ನಡ ಓದುವವರು, ಮರಾಠಿ ಓದುವವರು, ಹಿಂದಿ ಮಾತ್ರ ಬಲ್ಲವರು, ಓದು ಬಾರದವರು ಎಲ್ಲರೂ ಇರುತ್ತಾರೆ. ಆರನೆಯದು ರಾತ್ರಿ ಪಾಳಿಯಲ್ಲಿ ಕೆಟ್ಟರೆ ಯಾರು ಸರಿ ಮಾಡುತ್ತಾರೆ, ಬಿಡಿಭಾಗ ಊರಿನಲ್ಲೇ ಸಿಗುತ್ತದೆಯೇ ಎನ್ನುವುದು. ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿಜಯಪುರದ ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಪತ್ರಾ ಶೆಡ್ಡಿನ ಕೆಳಗೆ, ಡ್ರೈವ್ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ಕೂತಿರುವ ಪ್ಯಾನಲ್ ಒಳಗೆ ಅದು 50 ದಾಟುವುದು ಕಷ್ಟವೇನಲ್ಲ.

ಯಾವ ಪ್ಯಾನಲ್ ಆದರೂ ಬಿಡಲಾಗದ್ದು

ಎಮರ್ಜೆನ್ಸಿ ಸ್ಟಾಪ್ ಈ ಹೋಲಿಕೆಯೊಳಗೆ ಬರುವುದೇ ಇಲ್ಲ. ಅದು ಎಲ್ಲದಕ್ಕೂ ಬೇಕು, ಎಲ್ಲದರಲ್ಲೂ ಒಂದೇ ರೀತಿ ಬೇಕು. ಕೆಂಪು ಮಶ್ರೂಮ್ ತಲೆ, ಹಿಂದೆ ಹಳದಿ ತಟ್ಟೆ, ಒತ್ತಿದರೆ ಒತ್ತಿದಲ್ಲೇ ಕೂತು ತಿರುಗಿಸಿದರೆ ಮಾತ್ರ ಬಿಡುವ ಬಗೆ. ನಿಲ್ಲುವ ನೆಲದಿಂದ 0.6 ರಿಂದ 1.7 ಮೀಟರ್ ಎತ್ತರದೊಳಗಿರಬೇಕು. ಒಳಗಿರುವುದು ಎನ್‌ಸಿ ಕಾಂಟ್ಯಾಕ್ಟ್. ಅದು ಸದಾ ಕೂಡಿರುತ್ತದೆ, ಒತ್ತಿದಾಗ ತೆರೆಯುತ್ತದೆ. ತಂತಿ ತುಂಡಾದರೂ ಮಶೀನ್ ನಿಲ್ಲಲಿ ಎಂದೇ ಆ ಏರ್ಪಾಡು. ಆ ತಂತಿ ನೇರವಾಗಿ ಸೇಫ್ಟಿ ರಿಲೇಗೆ, ಅಂದರೆ ಸುರಕ್ಷತೆಯ ಸರ್ಕೀಟನ್ನಷ್ಟೇ ನೋಡಿಕೊಳ್ಳುವ ಸಾಧನಕ್ಕೆ ಹೋಗಬೇಕು. ಸಾಮಾನ್ಯ ಪಿಎಲ್‌ಸಿಯ (ಪ್ರೋಗ್ರಾಮ್ ಪ್ರಕಾರ ಮಶೀನ್ ನಡೆಸುವ ಕಂಟ್ರೋಲರಿನ) ಒಂದು ಇನ್‌ಪುಟ್‌ಗೆ ಕೊಟ್ಟು, ಪ್ರೋಗ್ರಾಮ್ ನಿಲ್ಲಿಸುತ್ತದೆ ಎಂದು ಬಿಡುವುದು ಸರಿಯಲ್ಲ. ಸ್ಕ್ರೀನ್ ಮೇಲೆ ಕೆಂಪು ಗುಂಡು ಬರೆದು ಅದನ್ನೇ ಎಮರ್ಜೆನ್ಸಿ ಎನ್ನುವ ಪ್ಯಾನಲ್ ಯಾರಾದರೂ ಕೊಟ್ಟರೆ ಒಪ್ಪಿಕೊಳ್ಳಲೇಬೇಡಿ.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಎರಡು. ಒಂದು, ಬಟನ್ನಿನ ಹಿಂದಿನ ಕಾಂಟ್ಯಾಕ್ಟ್ ಬ್ಲಾಕ್ ಅದುರಿ ಅದುರಿ ಕಳಚಿಕೊಳ್ಳುವುದು. ಮುಂದೆ ತಲೆ ಒತ್ತಿದರೆ ಒತ್ತುತ್ತದೆ, ಹಿಂದೆ ಕಾಂಟ್ಯಾಕ್ಟ್ ತೆರೆಯುವುದಿಲ್ಲ. ಕಳಚಿದರೆ ತಾನೇ ಸರ್ಕೀಟ್ ಕಡಿಯುವ ಬ್ಲಾಕ್‌ಗಳು ಸಿಗುತ್ತವೆ. ಅದುರುವ ಮಶೀನಿಗೆ ಅವೇ ಬೇಕು. ಇನ್ನೊಂದು, ಕಾಂಟ್ಯಾಕ್ಟರಿನ (ಮೋಟರಿಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚಿನ) ಪಾಯಿಂಟ್ ಬೆಸೆದುಕೊಳ್ಳುವುದು. ಅದಕ್ಕಾಗಿಯೇ ಅಪಾಯದ ಮಶೀನಿನಲ್ಲಿ ಎರಡು ಕಾಂಟ್ಯಾಕ್ಟರ್ ಸಾಲಾಗಿ ಹಾಕುವುದು. ಬಟನ್ ತಿರುಗಿಸಿ ಬಿಟ್ಟ ಮಾತ್ರಕ್ಕೆ ಮಶೀನ್ ಚಾಲೂ ಆಗಬಾರದು. ಬೇರೆ ರಿಸೆಟ್, ಆಮೇಲೆ ಸ್ಟಾರ್ಟ್.

ಏನನ್ನು ನಿಲ್ಲಿಸಬೇಕು ಎನ್ನುವುದನ್ನೂ ಯೋಚಿಸಿ. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಪಂಪ್ ಮೋಟರ್ ಆಫ್ ಆದರೂ ಮೇಲಿನ ರ್‍ಯಾಮ್ (ಇಳಿದು ಜಾಬ್ ಒತ್ತುವ ಭಾಗ) ತನ್ನ ತೂಕಕ್ಕೇ ಕೆಳಗಿಳಿಯಬಹುದು. ಅದನ್ನು ಹಿಡಿದು ನಿಲ್ಲಿಸುವ ವಾಲ್ವ್ ಸರ್ಕೀಟಿನಲ್ಲಿ ಇರಬೇಕು. ಇಂಡಕ್ಷನ್ ಭಟ್ಟಿಯಲ್ಲಿ ಎಮರ್ಜೆನ್ಸಿ ಒತ್ತಿದಾಗ ಪವರ್ ಕಡಿಯಬೇಕೇ ಹೊರತು ಕಾಯಿಲ್ ತಂಪು ಮಾಡುವ ನೀರಿನ ಪಂಪ್ ನಿಲ್ಲಬಾರದು. ನಿಂತರೆ ಕರಗಿದ ಲೋಹದ ಬಿಸಿ ಕಾಯಿಲ್ ಅನ್ನೇ ಸುಡುತ್ತದೆ. ಮ್ಯಾಗ್ನೆಟ್ ಕ್ರೇನಿನಲ್ಲೂ ಹಾಗೇ, ಮ್ಯಾಗ್ನೆಟ್ ಬಿಟ್ಟರೆ ಎತ್ತಿದ ಸ್ಕ್ರ್ಯಾಪ್ ಕೆಳಗಿದ್ದವರ ಮೇಲೆ.

ಬಟನ್ ಮತ್ತು ದೀಪದ ಪ್ಯಾನಲ್

ಗ್ಲೋವ್ಸ್, ಉಸುಕು, ಎಣ್ಣೆ, ಬಿಸಿ ಎಲ್ಲವನ್ನೂ ತಡೆದುಕೊಳ್ಳುವುದು ಇದೇ. ಬೆಲೆ ಬ್ರ್ಯಾಂಡ್ ಮೇಲೆ ಬದಲಾಗುತ್ತದೆ. ಪೇಟೆಯಲ್ಲಿ ಹೆಚ್ಚುಕಡಿಮೆ ಒಂದು ಒಳ್ಳೆಯ ಬಟನ್ನಿಗೆ 150 ರಿಂದ 350 ರೂಪಾಯಿ, ಎಮರ್ಜೆನ್ಸಿ ಬಟನ್ನಿಗೆ 300 ರಿಂದ 700. ಬಹುತೇಕ ಕಂಪನಿಯವು 22.5 ಮಿ.ಮೀ. ತೂತಿಗೇ ಕೂರುವುದರಿಂದ ರಾತ್ರಿ ಕೆಟ್ಟರೆ ಬೇರೆ ಪ್ಯಾನಲ್ಲಿನ ಬಿಡಿ ಬಟನ್ ತಂದು ವೈರಮನ್ ಹತ್ತು ನಿಮಿಷದಲ್ಲಿ ಹಾಕುತ್ತಾರೆ. ಲ್ಯಾಪ್‌ಟಾಪ್ ಬೇಡ, ಪಾಸ್‌ವರ್ಡ್ ಬೇಡ.

ಇದು ಕಡಿಮೆ ಬೀಳುವುದು ಎರಡು ಕಡೆ. ಟೈಮರ್, ಪ್ರೆಶರ್, ಕೌಂಟ್ ಬದಲಿಸಲು ಪ್ಯಾನಲ್ ಬಾಗಿಲು ತೆರೆಯಬೇಕಾಗುತ್ತದೆ, ಅದು ಆಪರೇಟರ್ ಮಾಡುವ ಕೆಲಸವಲ್ಲ, ಮಾಡಲೂಬಾರದು. ಇನ್ನೊಂದು, ಮಶೀನ್ ನಿಂತಾಗ ಯಾಕೆ ನಿಂತಿತು ಎನ್ನುವುದು ಗೊತ್ತಾಗುವುದಿಲ್ಲ. ಎರಡನೆಯದಕ್ಕೆ ಅಗ್ಗದ ದಾರಿ ಇದೆ: ಪ್ರತಿ ಲಿಮಿಟ್ ಸ್ವಿಚ್ಚಿಗೆ, ಆಯಿಲ್ ಲೆವೆಲ್‌ಗೆ, ಓವರ್‌ಲೋಡ್‌ಗೆ ಒಂದೊಂದು ಎಲ್‌ಇಡಿ ದೀಪ, ಜೊತೆಗೆ ಎಲ್ಲ ದೀಪ ಒಮ್ಮೆಗೇ ಹತ್ತಿಸಿ ನೋಡುವ ಲ್ಯಾಂಪ್ ಟೆಸ್ಟ್ ಬಟನ್. ಆರೇಳು ದೀಪದವರೆಗೆ ಇದು ಚೆನ್ನಾಗಿ ನಡೆಯುತ್ತದೆ. ಹತ್ತು ದಾಟಿದರೆ ಆಪರೇಟರ್ ದೀಪ ಓದುವುದನ್ನು ಬಿಡುತ್ತಾರೆ. ಅಲ್ಲಿ ಸ್ಕ್ರೀನಿನ ಅಗತ್ಯ ಶುರುವಾಗುತ್ತದೆ.

ಬಟನ್ ಪ್ಯಾನಲ್ ಅಗ್ಗ ಎಂಬ ಕಾರಣಕ್ಕೆ ಅದರ ವಿನ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿಯೇ ಅಪಘಾತ ಹುಟ್ಟುವುದು. ತಗಡಿನ ಮೇಲೆ ಸಾಲು ಸಾಲಾಗಿ ಎಂಟು ಹಸಿರು ಬಟನ್, ಪೆನ್ನಿನಲ್ಲಿ ಬರೆದ ಹೆಸರು. ಹೊಸಬರು ಬಂದ ದಿನ ಏನಾಗುತ್ತದೆ ಊಹಿಸಿ. ಸ್ಟಾರ್ಟ್‌ಗೆ ಬಿಳಿ ಅಥವಾ ಹಸಿರು, ಸ್ಟಾಪ್‌ಗೆ ಕಪ್ಪು ಅಥವಾ ಕೆಂಪು, ರಿಸೆಟ್‌ಗೆ ನೀಲಿ ಇರಲಿ. ಕೆಂಪನ್ನು ಯಾವ ಕಾರಣಕ್ಕೂ ಸ್ಟಾರ್ಟ್‌ಗೆ ಹಾಕಬೇಡಿ. ಕೆಂಪು-ಹಸಿರು ಬೇರ್ಪಡಿಸಿ ಕಾಣಲಾಗದವರೂ ಇರುತ್ತಾರೆ, ಆದ್ದರಿಂದ ಬಣ್ಣದ ಜೊತೆ ಆಕಾರವೂ ಬೇರೆ ಇರಬೇಕು: ಸ್ಟಾರ್ಟ್ ಬಟನ್ ಅಂಚಿನೊಳಗೆ ಹುದುಗಿರಲಿ, ಸ್ಟಾಪ್ ಹೊರಗೆ ಚಾಚಿರಲಿ. ಆಗ ಮೊಣಕೈ ತಾಗಿ ಸ್ಟಾಪ್ ಆದೀತೇ ಹೊರತು ಸ್ಟಾರ್ಟ್ ಆಗುವುದಿಲ್ಲ. ರ್‍ಯಾಮ್ ಮೇಲೆ ಹೋಗುವ ಬಟನ್ ಮೇಲಿರಲಿ, ಕೆಳಗೆ ಬರುವುದು ಕೆಳಗಿರಲಿ. ಹೇಳುವುದೇ ಬೇಡ ಅನಿಸುತ್ತದೆ, ಆದರೆ ಇವನ್ನು ಅಕ್ಕಪಕ್ಕ ಕೂರಿಸಿದ ಪ್ರೆಸ್ಸುಗಳು ಎಷ್ಟೋ ಇವೆ.

ಬಟನ್ ನಡುವಿನಿಂದ ನಡುವಿಗೆ ಬರಿಗೈಗೆ 40 ಮಿ.ಮೀ., ಗ್ಲೋವ್ಸ್ ಕೈಗೆ 50 ರಿಂದ 60 ಮಿ.ಮೀ. ಅಂತರ ಬಿಡಿ. ನಿಂತು ಕೆಲಸ ಮಾಡುವವರಿಗೆ ಬಟನ್ ಸಾಲು ಮೊಣಕೈ ಮಟ್ಟದಲ್ಲಿ, ಅಂದರೆ ನೆಲದಿಂದ 900 ರಿಂದ 1,100 ಮಿ.ಮೀ. ಎತ್ತರದಲ್ಲಿ ಇದ್ದರೆ ಭುಜ ನೋಯುವುದಿಲ್ಲ. ಹೆಸರು ಪಟ್ಟಿಯನ್ನು ಸ್ಟಿಕರ್ ಮಾಡಿಸಬೇಡಿ, ಎಣ್ಣೆ ಹತ್ತಿದರೆ ತಿಂಗಳೊಪ್ಪತ್ತಿನಲ್ಲಿ ಎದ್ದುಹೋಗುತ್ತದೆ. ಕೊರೆದ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಪಟ್ಟಿ ಹಾಕಿಸಿ. ಮೇಲೆ ಚಿತ್ರ, ಕೆಳಗೆ ಕನ್ನಡ, ಅದರ ಕೆಳಗೆ ಬೇಕಿದ್ದರೆ ಮರಾಠಿ. ಉಸುಕು ಹಾರುವಲ್ಲಿ ಬಟನ್ ತಲೆಗೆ ರಬ್ಬರ್ ಟೋಪಿ ಹಾಕಿಸಿ. ಇಲ್ಲದಿದ್ದರೆ ಉಸುಕು ಸಂದಿಗೆ ಹೊಕ್ಕು ಬಟನ್ ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತದೆ, ಸ್ಟಾರ್ಟ್ ಬಟನ್ ಹಾಗೆ ಸಿಕ್ಕಿಕೊಂಡರೆ ಮಶೀನ್ ತಾನಾಗಿಯೇ ಮತ್ತೆ ಶುರುವಾಗುವ ಅಪಾಯವಿದೆ.

ಅಕ್ಷರದ ಡಿಸ್‌ಪ್ಲೇ ಮತ್ತು ಕೀಪ್ಯಾಡ್

ಎರಡು ಅಥವಾ ನಾಲ್ಕು ಸಾಲಿನ ಡಿಸ್‌ಪ್ಲೇ, ಕೆಳಗೆ ಮೆಂಬ್ರೇನ್ ಕೀಗಳು. ನಾಲ್ಕೈದು ಸಂಖ್ಯೆ ಬದಲಿಸುವುದಷ್ಟೇ ಕೆಲಸವಾದರೆ ಇದು ಸಾಕು, ಎಣ್ಣೆಗೂ ಧೂಳಿಗೂ ಹೆದರುವುದಿಲ್ಲ. ಆದರೆ ಇವುಗಳಲ್ಲಿ ಬಹಳಷ್ಟು ಇಂಗ್ಲಿಷ್ ಅಕ್ಷರ ಮಾತ್ರ ತೋರಿಸಬಲ್ಲವು. ಕನ್ನಡ ಬೇಕೆಂದರೆ ಇಲ್ಲಿಗೇ ಕೈಬಿಡಿ. ದಿನಾ ಒತ್ತುವ ಒಂದೇ ಕೀಯ ಮೇಲಿನ ಪೊರೆ ಉಬ್ಬಿ ಸೀಳುತ್ತದೆ, ಆಗ ಇಡೀ ಕೀಪ್ಯಾಡ್ ಬದಲಿಸಬೇಕು. ಹೊಸದಾಗಿ ಕೊಳ್ಳುವವರಿಗೆ ಇದನ್ನು ಸೂಚಿಸಲು ಕಾರಣ ಹೆಚ್ಚಿಲ್ಲ. 4.3 ಇಂಚಿನ ಟಚ್ ಸ್ಕ್ರೀನ್ ಈಗ ಅದರ ಹತ್ತಿರದ ಬೆಲೆಗೇ ಸಿಗುತ್ತದೆ.

ಟಚ್ ಸ್ಕ್ರೀನ್

ಇದರ ಬಲ ದೊಡ್ಡದು. ಹತ್ತು ಜಾಬ್‌ಗಳ ಸೆಟ್ಟಿಂಗ್ ಹೆಸರಿಟ್ಟು ಉಳಿಸಬಹುದು, ಡೈ ಬದಲಿಸಿದಾಗ ಒಂದು ಹೆಸರು ಆರಿಸಿದರೆ ಪ್ರೆಶರ್, ಸಮಯ, ಸ್ಟ್ರೋಕ್ ಎಲ್ಲ ಬರುತ್ತದೆ. ಮಶೀನ್ ನಿಂತರೆ ‘ಆಯಿಲ್ ಕಡಿಮೆ ಇದೆ, ಟ್ಯಾಂಕ್ ನೋಡಿ’ ಎಂದು ಕನ್ನಡದಲ್ಲೇ ಹೇಳುತ್ತದೆ. ಪಾಳಿಯ ಉತ್ಪಾದನೆ ಎಣಿಸುತ್ತದೆ. ಏಳು ಇಂಚಿನದು ಸುಮಾರು 9,000 ದಿಂದ 18,000 ರೂಪಾಯಿ, ಅದರ ಹಿಂದಿನ ಸಣ್ಣ ಪಿಎಲ್‌ಸಿ ಮತ್ತೆ ಐದರಿಂದ ಒಂಬತ್ತು ಸಾವಿರ, ಪ್ರೋಗ್ರಾಮ್ ಮಾಡುವ ಕೂಲಿ ಬೇರೆ.

ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಟಚ್ ಯಾವ ಬಗೆಯದು ಎನ್ನುವುದನ್ನು. ಒತ್ತಡಕ್ಕೆ ಕೆಲಸ ಮಾಡುವ ರೆಸಿಸ್ಟಿವ್ ಆದರೆ ಗ್ಲೋವ್ಸ್ ಹಾಕಿಯೂ ಒತ್ತಬಹುದು, ಆದರೆ ಲೋಹದ ಚೂರು ಹತ್ತಿದ ಬೆರಳು ಮೇಲಿನ ಪೊರೆಯನ್ನು ಗೀರುತ್ತದೆ. ಮೊಬೈಲಿನಂಥ ಕೆಪ್ಯಾಸಿಟಿವ್ ಆದರೆ ಗಾಜು ಗಟ್ಟಿ, ಚಿತ್ರ ಸ್ವಚ್ಛ; ದಪ್ಪ ಲೆದರ್ ಗ್ಲೋವ್ಸಿಗೆ ಅದು ಸ್ಪಂದಿಸುವುದಿಲ್ಲ, ನೀರಿನ ಹನಿ ಬಿದ್ದರೆ ತಾನೇ ಒತ್ತಿದಂತೆ ವರ್ತಿಸಬಹುದು. ಆಪರೇಟರ್ ಪ್ರತಿ ಸಲ ಗ್ಲೋವ್ಸ್ ತೆಗೆಯಬೇಕಾಗಿ ಬಂದರೆ ಎರಡು ದಿನದಲ್ಲಿ ಗ್ಲೋವ್ಸ್ ಹಾಕುವುದನ್ನೇ ಬಿಡುತ್ತಾರೆ. ತಪ್ಪು ಅವರದಲ್ಲ, ಸ್ಕ್ರೀನ್ ಆರಿಸಿದವರದು.

ಸ್ಕ್ರೀನ್ ಮೇಲಿನ ಬಟನ್ ಎಷ್ಟು ದೊಡ್ಡದಿರಬೇಕು? 800×480 ಪಿಕ್ಸೆಲ್‌ನ ಏಳು ಇಂಚಿನ ಸ್ಕ್ರೀನ್ ಅಗಲ ಸುಮಾರು 154 ಮಿ.ಮೀ., ಅಂದರೆ ಒಂದು ಮಿ.ಮೀ.ಗೆ ಐದು ಪಿಕ್ಸೆಲ್ ಚಿಲ್ಲರೆ. ಗ್ಲೋವ್ಸ್ ಬೆರಳಿಗೆ 20 ಮಿ.ಮೀ. ಚೌಕ ಬೇಕು, ಅದು ಸುಮಾರು 104 ಪಿಕ್ಸೆಲ್. ನಡುವೆ ಜಾಗ ಬಿಟ್ಟರೆ ಒಂದು ಸಾಲಿಗೆ ಐದಾರು ಬಟನ್ ಮಾತ್ರ ಹಿಡಿಯುತ್ತವೆ. ಕಂಪ್ಯೂಟರ್ ಮುಂದೆ ಕೂತು ಮೌಸಿನಲ್ಲಿ ವಿನ್ಯಾಸ ಮಾಡಿದವರು ಒಂದು ಪುಟಕ್ಕೆ ಇಪ್ಪತ್ತು ಬಟನ್ ತುಂಬುತ್ತಾರೆ. ಆ ಪುಟ ಬೆರಳಿಗೆ ಬರುವುದಿಲ್ಲ. ದಿನಾ ಬೇಕಾಗುವುದೆಲ್ಲ ಮೊದಲ ಪುಟದಲ್ಲೇ ಇರಬೇಕು, ಎಲ್ಲಿ ಇದ್ದರೂ ಒಂದೇ ಒತ್ತಿಗೆ ಆ ಪುಟಕ್ಕೆ ಮರಳುವಂತಿರಬೇಕು.

ಅಕ್ಷರದ ಎತ್ತರಕ್ಕೆ ನೋಡುವ ದೂರವನ್ನು 200 ರಿಂದ ಭಾಗಿಸುವುದು ರೂಢಿ. 700 ಮಿ.ಮೀ. ದೂರಕ್ಕೆ 3.5 ಮಿ.ಮೀ. ಕನಿಷ್ಠ. ಕನ್ನಡಕ್ಕೆ ಇದು ಸಾಲದು. ಒತ್ತಕ್ಷರ ಕೆಳಗಿಳಿಯುತ್ತದೆ, ಕೊಂಬು ಬಲಕ್ಕೆ ಚಾಚುತ್ತದೆ, 5 ಮಿ.ಮೀ.ಗಿಂತ ಕಡಿಮೆ ಇಟ್ಟರೆ ನಲವತ್ತು ದಾಟಿದವರಿಗೆ ಓದಲಾಗದು.

ಕನ್ನಡದ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಹಲವು ಎಚ್‌ಎಂಐ (ಮಶೀನಿನ ಟಚ್ ಸ್ಕ್ರೀನ್) ಸಾಫ್ಟ್‌ವೇರ್‌ಗಳು ಕನ್ನಡ ಅಕ್ಷರವನ್ನು ಸ್ವೀಕರಿಸುತ್ತವೆ, ಆದರೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ‘ಒತ್ತಡ’ ಎಂದು ಬರೆದರೆ ತಕಾರದ ಒತ್ತು ಕೆಳಗೆ ಕೂರದೆ ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡದ್ದು ಸ್ಕ್ರೀನಿಗೆ ಇಳಿಸಿದ ಮೇಲೆ ಕೆಡುವುದೂ ಉಂಟು. ಅದಕ್ಕೆ ಖಾತ್ರಿ ಉಪಾಯ, ಹೆಸರು ಮತ್ತು ಸಂದೇಶಗಳನ್ನು ಚಿತ್ರವಾಗಿ ಮಾಡಿ ಹಾಕಿಸುವುದು. ಕೆಲಸ ಹೆಚ್ಚು, ಮೆಮೊರಿ ಹೆಚ್ಚು ತಿನ್ನುತ್ತದೆ, ಆದರೆ ಅಕ್ಷರ ಕೆಡುವುದಿಲ್ಲ. ಆರ್ಡರ್ ಕೊಡುವ ಮೊದಲು ‘ಒತ್ತಡ, ಎಣ್ಣೆ, ರಕ್ಷಣೆ, ಸ್ಟ್ರೋಕ್’ ಈ ನಾಲ್ಕು ಪದಗಳನ್ನು ನಿಜವಾದ ಸ್ಕ್ರೀನಿನಲ್ಲೇ ತೋರಿಸಲು ಹೇಳಿ. ಸಂಖ್ಯೆಗಳು ಮಾತ್ರ 1, 2, 3 ರೂಪದಲ್ಲೇ ಇರಲಿ. ಗೇಜ್, ವರ್ನಿಯರ್, ಡ್ರಾಯಿಂಗ್ ಎಲ್ಲದರಲ್ಲೂ ಕಣ್ಣು ಅವಕ್ಕೇ ಪಳಗಿದೆ. ಮಶೀನಿನ ಪ್ರೆಶರ್ ಗೇಜ್ ಕೆಜಿಯಲ್ಲಿದ್ದರೆ ಸ್ಕ್ರೀನ್ ‘ಬಾರ್’ ತೋರಿಸಬಾರದು.

ಸಂಖ್ಯೆ ತುಂಬುವ ಪ್ರತಿ ಜಾಗಕ್ಕೂ ಕನಿಷ್ಠ-ಗರಿಷ್ಠ ಮಿತಿ ಹಾಕಿಸಿ. 150 ಒತ್ತುವಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದು 1500 ಆದರೆ ಸ್ಕ್ರೀನ್ ಅದನ್ನು ಒಪ್ಪಬಾರದು. ಆಪರೇಟರಿಗೆ ಒಂದು, ಫಿಟ್ಟರಿಗೆ ಒಂದು, ಹೀಗೆ ಎರಡು ಪಾಸ್‌ವರ್ಡ್ ಸಾಕು. ನಾಲ್ಕು ಮಾಡಿದರೆ ಎಲ್ಲವನ್ನೂ ಪ್ಯಾನಲ್ ಬಾಗಿಲ ಮೇಲೆ ಬರೆದಿಡುತ್ತಾರೆ.

ಈಗ ಮುಖ್ಯವಾದ ಮಾತು: ಮಶೀನನ್ನು ಚಲಾಯಿಸುವ ಬಟನ್ ಟಚ್ ಸ್ಕ್ರೀನಿನಲ್ಲಿ ಇಡಬೇಡಿ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ರ್‍ಯಾಮ್ ಇಳಿಯುವ ಜಾಗ್ ಬಟನ್ ಎಂದುಕೊಳ್ಳಿ. ಸ್ಕ್ರೀನ್ ಬೆರಳು ತಾಗಿದಾಗ ಪಿಎಲ್‌ಸಿಗೆ ‘ಆನ್’ ಎಂದೂ ಎತ್ತಿದಾಗ ‘ಆಫ್’ ಎಂದೂ ಕೇಬಲ್ ಮೂಲಕ ಕಳಿಸುತ್ತದೆ. ನಡುವೆ ಕೇಬಲ್ ಸಡಿಲವಾದರೆ ಅಥವಾ ಸ್ಕ್ರೀನ್ ಹ್ಯಾಂಗ್ ಆದರೆ ‘ಆಫ್’ ತಲುಪುವುದೇ ಇಲ್ಲ, ರ್‍ಯಾಮ್ ಇಳಿಯುತ್ತಲೇ ಇರುತ್ತದೆ. ತಂತಿಯ ಬಟನ್ನಿನಲ್ಲಿ ಬೆರಳು ಎತ್ತಿದರೆ ಕರೆಂಟೇ ಕಡಿಯುತ್ತದೆ. ಆಯುಷ್ಯದ ಲೆಕ್ಕವೂ ಹೀಗೇ ಹೇಳುತ್ತದೆ. ರೆಸಿಸ್ಟಿವ್ ಟಚ್‌ಗೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಹತ್ತು ಲಕ್ಷ ಒತ್ತು ಎಂದು ಕೊಟ್ಟಿರುತ್ತಾರೆ. ಎರಡು ಪಾಳಿಗೆ ದಿನಕ್ಕೆ 2,520 ಒತ್ತಿನಂತೆ ಅದು ಸುಮಾರು 400 ಕೆಲಸದ ದಿನ. ಒಂದೂಕಾಲು ವರ್ಷಕ್ಕೆ ಸ್ಕ್ರೀನ್ ಬದಲಿಸುವುದೋ, ಬಟನ್ನಿನ ಕಾಂಟ್ಯಾಕ್ಟ್ ಬ್ಲಾಕ್ ಬದಲಿಸುವುದೋ ನೀವೇ ನೋಡಿ.

ಬಿಸಿಯ ಮಿತಿಯನ್ನೂ ಮರೆಯಬೇಡಿ. ಬಹಳಷ್ಟು ಸ್ಕ್ರೀನ್‌ಗಳ ಮಿತಿ 50 ಡಿಗ್ರಿ. ಡ್ರೈವ್ ಇರುವ ಪ್ಯಾನಲ್ಲಿನ ಬಾಗಿಲಿಗೇ ಸ್ಕ್ರೀನ್ ಕೂರಿಸಿದರೆ ಬೇಸಿಗೆಯ ಮಧ್ಯಾಹ್ನ ಅದು ಕಪ್ಪಾಗುತ್ತದೆ. ಬೇರೆ ಸಣ್ಣ ಪೆಟ್ಟಿಗೆ ಮಾಡಿಸಿ ಆಪರೇಟರಿನ ಪಕ್ಕ ತನ್ನಿ. ಕಿಟಕಿಯ ಬಿಸಿಲು ನೇರ ಬೀಳದಿರಲಿ. ಕಮ್ಯುನಿಕೇಶನ್ ಕೇಬಲ್ ಶೀಲ್ಡ್ ಇರುವುದೇ ಬೇಕು, ಡ್ರೈವಿನಿಂದ ಮೋಟರಿಗೆ ಹೋಗುವ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಎಳೆಯಬಾರದು.

ಎರಡು ಕೈ ಬಟನ್, ಕಾಲಿನ ಪೆಡಲ್

ಪ್ರೆಸ್, ಶಿಯರಿಂಗ್‌ನಂಥ ಮಶೀನಿಗೆ ಮೇಲಿನ ಯಾವುದನ್ನು ಆರಿಸಿದರೂ ಸೈಕಲ್ ಶುರು ಮಾಡುವುದು ಎರಡು ಕೈಯಿಂದಲೇ ಆಗಬೇಕು. ಎರಡೂ ಬಟನ್ 0.5 ಸೆಕೆಂಡಿನೊಳಗೆ ಒತ್ತಿದರೆ ಮಾತ್ರ ಇಳಿಯಬೇಕು, ಒಂದು ಬಿಟ್ಟರೂ ನಿಲ್ಲಬೇಕು, ಎರಡನ್ನೂ ಬಿಟ್ಟ ಮೇಲೆಯೇ ಮುಂದಿನ ಸೈಕಲ್. ಇದನ್ನು ನೋಡಿಕೊಳ್ಳುವ ಟೂ-ಹ್ಯಾಂಡ್ ಸೇಫ್ಟಿ ರಿಲೇ ಸುಮಾರು ಆರರಿಂದ ಹದಿನೈದು ಸಾವಿರ. ಒಂದೇ ಅಂಗೈಯಿಂದ ಎರಡನ್ನೂ ಮುಟ್ಟದಿರಲು ಬಟನ್‌ಗಳ ನಡುವೆ ಕನಿಷ್ಠ 260 ಮಿ.ಮೀ. ಬೇಕು, ಒಂದೇ ತೋಳಿನ ಕೈ ಮತ್ತು ಮೊಣಕೈಯಿಂದ ಒತ್ತದಿರಲು 550 ಮಿ.ಮೀ.

ಅಪಾಯದ ಜಾಗದಿಂದ ಬಟನ್ ಎಷ್ಟು ದೂರ ಇರಬೇಕೆನ್ನುವುದಕ್ಕೆ ರೂಢಿಯ ಸೂತ್ರ: ಮಶೀನ್ ನಿಲ್ಲಲು ಹಿಡಿಯುವ ಸಮಯವನ್ನು ಸೆಕೆಂಡಿನಲ್ಲಿ ಹಿಡಿದು 1,600 ರಿಂದ ಗುಣಿಸಿ, 250 ಕೂಡಿಸಿ, ಬರುವುದು ಮಿ.ಮೀ. 0.3 ಸೆಕೆಂಡಿನಲ್ಲಿ ನಿಲ್ಲುವ ಪ್ರೆಸ್ಸಿಗೆ 730 ಮಿ.ಮೀ. ವಾಲ್ವ್ ಹಳತಾಗಿ 0.5 ಸೆಕೆಂಡ್ ಹಿಡಿದರೆ 1,050. ಹೊಸ ಮಶೀನಿನ ಅಳತೆಯಲ್ಲೇ ಹಳೇ ಪ್ರೆಸ್ಸಿಗೆ ಸ್ಟ್ಯಾಂಡ್ ಮಾಡಿಸಿದರೆ ಈ 320 ಮಿ.ಮೀ. ವ್ಯತ್ಯಾಸದಲ್ಲೇ ಬೆರಳು ಹೋಗುತ್ತದೆ. ನಿಲ್ಲುವ ಸಮಯವನ್ನು ಮಶೀನಿನ ಮೇಲೆಯೇ ಅಳೆಯಿಸಿ.

ಒಂದು ಬಟನ್ನಿಗೆ ಬಟ್ಟೆ ಕಟ್ಟಿಯೋ ಕಟ್ಟಿಗೆ ಸಿಕ್ಕಿಸಿಯೋ ಒಂದೇ ಕೈಯಲ್ಲಿ ಕೆಲಸ ಮಾಡುವುದು ಕಂಡರೆ ಆಪರೇಟರಿಗೆ ಬೈಯುವ ಮೊದಲು ಬಟನ್ ಒತ್ತಿ ನೋಡಿ. ಗಟ್ಟಿ ಸ್ಪ್ರಿಂಗಿನ ಮಶ್ರೂಮ್ ಬಟನ್ ಎರಡನ್ನೂ ಪಾಳಿಗೆ 1,260 ಸಲ ಒತ್ತಿದರೆ ಮಣಿಕಟ್ಟು ನೋಯದಿರದು. ಮೆದು ಸ್ಪ್ರಿಂಗಿನ ಅಥವಾ ಬೆರಳು ಇಟ್ಟರೆ ಸಾಕಾಗುವ ಸೆನ್ಸರ್ ಬಟನ್ ಹಾಕಿ, ಎತ್ತರ ಸರಿಮಾಡಿ. ಸೇಫ್ಟಿ ರಿಲೇ ಇದ್ದರೆ ಕಟ್ಟಿದ ಬಟನ್ನಿನಿಂದ ಮುಂದಿನ ಸೈಕಲ್ ನಡೆಯುವುದೂ ಇಲ್ಲ.

ಕಾಲಿನ ಪೆಡಲ್ ವೇಗ ಕೊಡುತ್ತದೆ, ಎರಡೂ ಕೈಯನ್ನು ಡೈ ಒಳಗೂ ಬಿಡುತ್ತದೆ. ಜಾಬ್ ಅನ್ನು ಕೈಯಲ್ಲಿ ಹಿಡಿಯಲೇಬೇಕಾದ ಕೆಲಸಕ್ಕೆ, ಅದೂ ಡೈ ಮುಂದೆ ಗಾರ್ಡ್ ಅಥವಾ ಲೈಟ್ ಕರ್ಟನ್ (ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ಮಶೀನ್ ನಿಲ್ಲಿಸುವ ಸಾಧನ) ಇದ್ದಾಗ ಮಾತ್ರ. ಮೇಲೆ ಮುಚ್ಚಳ ಇರುವ ಪೆಡಲ್ಲೇ ತನ್ನಿ, ಬಿದ್ದ ಜಾಬ್ ಅದರ ಮೇಲೆ ಬಿದ್ದು ಸ್ಟ್ರೋಕ್ ಆಗಬಾರದು.

ಪೆಂಡೆಂಟ್, ರಿಮೋಟ್

ಫೌಂಡ್ರಿಯ ಕ್ರೇನಿಗೆ ತಂತಿಯ ಪೆಂಡೆಂಟ್ (ಕ್ರೇನಿನಿಂದ ನೇತಾಡುವ ಬಟನ್ ಪೆಟ್ಟಿಗೆ) ಅಗ್ಗ, ನಂಬಿಗಸ್ತ. ಕುಂದು ಎಂದರೆ ಆಪರೇಟರ್ ಲೋಡ್ ಜೊತೆಗೇ ನಡೆಯಬೇಕು, ಕರಗಿದ ಲೋಹದ ಲ್ಯಾಡಲ್ ಹತ್ತಿರವೇ ಇರಬೇಕು. ಲ್ಯಾಡಲ್ ಎತ್ತುವ ಕ್ರೇನಿಗೆ ರಿಮೋಟಿನ ಖರ್ಚು ನ್ಯಾಯವಾದದ್ದು. ಸಿಗ್ನಲ್ ಹೋದ ಕೂಡಲೇ ಎಲ್ಲ ಚಲನೆ ನಿಲ್ಲುವ ಬಗೆಯೇ ಇರಲಿ, ಬ್ಯಾಟರಿ ಎರಡು ಜೊತೆ ಇರಲಿ.

ಎರಡರಲ್ಲೂ ಗೊಂದಲ ಹುಟ್ಟುವುದು ದಿಕ್ಕಿನಿಂದ. ‘ಎಡ, ಬಲ’ ಎಂದು ಬರೆದರೆ ಆಪರೇಟರ್ ತಿರುಗಿ ನಿಂತ ಕೂಡಲೇ ಅರ್ಥ ತಿರುವುಮುರುವು. ಬಟನ್ ಮೇಲೆ ‘ಭಟ್ಟಿ ಕಡೆ’, ‘ಗೇಟ್ ಕಡೆ’ ಎಂದು ಬರೆಯಿಸಿ, ಕ್ರೇನಿನ ಗರ್ಡರ್ ಮೇಲೂ ಅದೇ ಬಣ್ಣದ ದೊಡ್ಡ ಬಾಣ ಬಳಿಯಿಸಿ. ಖರ್ಚು ಒಂದು ಡಬ್ಬಿ ಪೇಂಟಿನದು.

ಮೊಬೈಲ್ ಅಥವಾ ಟ್ಯಾಬ್ಲೆಟ್ ಆ್ಯಪಿನಿಂದ ಮಶೀನ್ ನಡೆಸುವ ಪ್ಯಾನಲ್‌ಗಳೂ ಬಂದಿವೆ. ಉತ್ಪಾದನೆ ನೋಡಲು ಬಳಸಿ. ಚಾಲೂ ಮಾಡಲು ಬೇಡ. ಮಶೀನ್ ಮುಂದೆ ಯಾರು ಕೈ ಇಟ್ಟಿದ್ದಾರೆ ಎನ್ನುವುದು ಮೊಬೈಲ್ ಹಿಡಿದವರಿಗೆ ಕಾಣುವುದಿಲ್ಲ.

ಯಾರಿಗೆ ಯಾವುದು

ಒಂದೇ ಜಾಬ್ ವರ್ಷವಿಡೀ ಓಡುವ ಪ್ರೆಸ್ಸಿಗೆ ಬಟನ್ ಪ್ಯಾನಲ್, ಆರು ದೀಪ, ಟೂ-ಹ್ಯಾಂಡ್ ರಿಲೇ ಸಾಕು. ಸ್ಕ್ರೀನಿಗೆ ಹಾಕುವ ಹಣವನ್ನು ಸೆನ್ಸರ್ ಬಟನ್ನಿಗೂ ಗಾರ್ಡಿಗೂ ಹಾಕಿ. ವಾರಕ್ಕೆ ನಾಲ್ಕೈದು ಸಲ ಡೈ ಬದಲಾಗುವಲ್ಲಿ ಮಿಶ್ರ ಪ್ಯಾನಲ್ಲೇ ಸರಿ: ಸೆಟ್ಟಿಂಗ್ ಮತ್ತು ಅಲಾರಂ ಸ್ಕ್ರೀನಿಗೆ, ಚಲನೆ ಎಲ್ಲ ಬಟನ್ನಿಗೆ. ಬೆಳಗಾವಿಯ ಸಣ್ಣ-ಮಧ್ಯಮ ವರ್ಕ್‌ಶಾಪ್‌ಗಳಿಗೆ ಇದೇ ಹೆಚ್ಚು ಹೊಂದುತ್ತದೆ. ಬಜೆಟ್ ಬಿಗಿಯಿದ್ದರೆ ಏಳು ಇಂಚಿನ ಬದಲು 4.3 ಇಂಚು ಹಾಕಿ, ಒಂದು ಪುಟಕ್ಕೆ ನಾಲ್ಕೇ ಬಟನ್ ಇಡಿ. ಸೇಫ್ಟಿ ರಿಲೇಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ.

ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್‌ಗಳ ಮಾತೇ ಬೇರೆ. ಒಬ್ಬರೇ ಹಲವು ಮಗ್ಗ ನೋಡಿಕೊಳ್ಳುತ್ತಾರೆ, ಸದ್ದಿನಲ್ಲಿ ಬಜರ್ ವ್ಯರ್ಥ. ಎಳೆ ಹರಿದು ನಿಂತ ಮಗ್ಗ ಯಾವುದೆಂದು ದೂರದಿಂದ ತಿಳಿಯಬೇಕು. ಮಗ್ಗದ ಮೇಲೆ ಕಂಬಕ್ಕೆ ಒಂದು ದೀಪ, ಮುಂದೆ ಮತ್ತು ಹಿಂದೆ ಎರಡೂ ಕಡೆ ಸ್ಟಾಪ್ ಬಟನ್. ಹಾಸಿನ ಎಳೆ ಕಟ್ಟಲು ಹಿಂದೆ ಹೋದವರಿಗೆ ಮುಂದಿನ ಬಟನ್ ಸಿಗದು. ಸ್ಟಾರ್ಟ್ ಮಾತ್ರ ಮುಂದೆ ಒಂದೇ ಕಡೆ ಇರಲಿ.

ವಿಜಯಪುರ, ತಿಕೋಟಾ ಕಡೆಯ ಒಣದ್ರಾಕ್ಷಿ ಘಟಕಗಳಲ್ಲಿ ಆರಿಸುವ ಬೆಲ್ಟಿನ ಎರಡೂ ಬದಿ ಹೆಣ್ಣುಮಕ್ಕಳು ಸಾಲಾಗಿ ಕೆಲಸ ಮಾಡುತ್ತಾರೆ. ಅಲ್ಲಿ ಕೊನೆಯ ಗೋಡೆಯ ಮೇಲಿನ ಪ್ಯಾನಲ್ ಯಾರ ಕೈಗೂ ಎಟುಕುವುದಿಲ್ಲ. ಬೆಲ್ಟಿನುದ್ದಕ್ಕೂ ಎಳೆದರೆ ನಿಲ್ಲುವ ಹಗ್ಗದ ಸ್ವಿಚ್ ಹಾಕಿಸಿ. ಓಢಣಿ, ಸೆರಗು ರೋಲರಿಗೆ ಸಿಕ್ಕರೆ ನಿಂತಲ್ಲಿಂದಲೇ ಎಳೆಯಬಹುದು. ಬೆಲ್ಟಿನ ವೇಗ ತಿರುಗಿಸುವ ನಾಬ್ ಆರಿಸುವವರ ಕಡೆಯೇ ಇರಲಿ. ನೀರು ಹಾಕಿ ತೊಳೆಯುವುದರಿಂದ ಪೆಟ್ಟಿಗೆ ಐಪಿ 65 ದರ್ಜೆಯದು (ಧೂಳು, ನೀರಿನ ಧಾರೆ ಒಳಹೋಗದಂಥದು) ಬೇಕು, ಕೇಬಲ್ ಕೆಳಗಿನಿಂದ ಒಳಬರಲಿ. ಮೇಲಿನ ತೂತಿನಿಂದ ತಂದರೆ ನೀರು ತಂತಿ ಹಿಡಿದೇ ಇಳಿಯುತ್ತದೆ.

ಮಹಾಲಿಂಗಪುರ, ಮುಧೋಳ ಭಾಗದ ಗಾಣಗಳಿಗೆ ಸ್ಕ್ರೀನಿನ ಯೋಚನೆಯೇ ಬೇಡ. ಕಬ್ಬು ಕೊಡುವವರ ಕೈ ರೋಲರಿಗೆ ಸಿಕ್ಕರೆ ಬಟನ್ ಹುಡುಕಲು ಇನ್ನೊಂದು ಕೈಯೂ ಸಾವಕಾಶವೂ ಇರುವುದಿಲ್ಲ. ಕಬ್ಬು ಕೊಡುವ ಬಾಯಿಯ ಮುಂದೆ ಹೊಟ್ಟೆಯ ಮಟ್ಟದಲ್ಲಿ ಅಡ್ಡ ಪಟ್ಟಿ ಇದ್ದು, ಕೈ ಎಳೆದಾಗ ಮೈ ಮುಂದೆ ಬಂದು ತಾಗಿದರೆ ನಿಲ್ಲುವ ಏರ್ಪಾಡು ಬೇಕು. ಮೋಟರ್ ಆಫ್ ಆದರೂ ಫ್ಲೈವೀಲ್ ತಿರುಗುತ್ತದೆ, ಆದ್ದರಿಂದ ಬ್ರೇಕ್ ಕೂಡ ಬೇಕು. ಕೈ ಬಿಡಿಸಲು ರೋಲರ್ ಹಿಂದಕ್ಕೆ ತಿರುಗಿಸುವ ಏರ್ಪಾಡೂ ಇರಲಿ. ಡೀಸೆಲ್ ಎಂಜಿನ್ನಿನ ಗಾಣವಾದರೆ ಬೆಲ್ಟ್ ಬಿಡಿಸುವ ಕ್ಲಚ್ಚಿಗೆ ಆ ಪಟ್ಟಿಯನ್ನು ಜೋಡಿಸಬೇಕು.

ತಗಡು ಕೊರೆಯುವ ಮೊದಲು

ಪ್ಯಾನಲ್ ಚಿತ್ರವನ್ನು ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿ, ಮಶೀನ್ ಪಕ್ಕ ಅದು ಬರುವ ಎತ್ತರದಲ್ಲೇ ನಿಲ್ಲಿಸಿ. ಅತಿ ಗಿಡ್ಡ ಮತ್ತು ಅತಿ ಎತ್ತರದ ಆಪರೇಟರ್ ಇಬ್ಬರಿಗೂ ಗ್ಲೋವ್ಸ್ ಹಾಕಿಸಿ ಇಡೀ ಸೈಕಲ್ ಒತ್ತಿ ತೋರಿಸಲು ಹೇಳಿ. ಎರಡೂ ಪಾಳಿಯವರನ್ನು ಕೇಳಿ. ‘ಹೆಂಗ ಐತ್ರಿ?’ ಎಂದರೆ ‘ಚೊಲೊ ಐತ್ರಿ’ ಎನ್ನುತ್ತಾರೆ, ಅದರಿಂದ ಏನೂ ತಿಳಿಯದು. ‘ರಾತ್ರಿ ಪಾಳ್ಯಾಗ ಯಾವ ಬಟನ್ ತಪ್ಪಿ ಒತ್ತೂದು ಆಗತೈತ್ರಿ? ಮಶೀನ್ ನಿಂತ್ರ ಮೊದಲ ಏನ್ ನೋಡ್ತೀರಿ? ಕೈ ಎಲ್ಲಿ ನೋಯ್ತೈತಿ?’ ಎಂದು ಕೇಳಿ. ಉತ್ತರ ಬರುತ್ತದೆ, ಬಟನ್ ಜಾಗ ಬದಲಾಗುತ್ತದೆ. ರಟ್ಟಿನ ಮೇಲೆ ಬದಲಿಸಲು ಐದು ನಿಮಿಷ ಸಾಕು. ತಗಡಿನಲ್ಲಿ ತೂತು ಬಿದ್ದ ಮೇಲೆ ಯಾರೂ ಬದಲಿಸುವುದಿಲ್ಲ.

ಪ್ಯಾನಲ್ ಬಂದ ದಿನ ಪೂರ್ತಿ ಹಣ ಕೊಡುವ ಮೊದಲು ಇಷ್ಟನ್ನು ಕೈಗೆ ತೆಗೆದುಕೊಳ್ಳಿ: ವೈರಿಂಗ್ ಚಿತ್ರ, ಪ್ರತಿ ತಂತಿಯ ನಂಬರು, ಪಿಎಲ್‌ಸಿ ಮತ್ತು ಸ್ಕ್ರೀನ್ ಎರಡರ ಮೂಲ ಪ್ರೋಗ್ರಾಮ್ ಫೈಲ್, ಅದರ ಪಾಸ್‌ವರ್ಡ್, ಡೌನ್‌ಲೋಡ್ ಕೇಬಲ್. ಫೈಲ್ ಇಲ್ಲದಿದ್ದರೆ ಸ್ಕ್ರೀನ್ ಸುಟ್ಟ ದಿನ ಹೊಸ ಸ್ಕ್ರೀನ್ ತಂದರೂ ಅದು ಖಾಲಿ ಪೆಟ್ಟಿಗೆ. ಮಾಡಿಕೊಟ್ಟವರು ಊರು ಬಿಟ್ಟಿದ್ದರೆ ಎಲ್ಲ ಮೊದಲಿನಿಂದ. ಬಿಡಿಭಾಗದ ಡಬ್ಬಿಯಲ್ಲಿ ಎರಡು ಎನ್‌ಓ (ಒತ್ತಿದಾಗ ಕೂಡುವ), ಎರಡು ಎನ್‌ಸಿ ಕಾಂಟ್ಯಾಕ್ಟ್ ಬ್ಲಾಕ್, ಒಂದು ಎಮರ್ಜೆನ್ಸಿ ಬಟನ್, ಒಂದು 24 ವೋಲ್ಟ್ ಪವರ್ ಸಪ್ಲೈ, ಫ್ಯೂಸ್‌ಗಳು ಇರಲಿ. ಆಮೇಲೆ ಪ್ರತಿ ಎಮರ್ಜೆನ್ಸಿ ಬಟನ್ನನ್ನೂ ಮಶೀನ್ ಓಡುತ್ತಿರುವಾಗಲೇ, ಜಾಬ್ ಹಾಕದೆ, ಒಂದೊಂದಾಗಿ ಒತ್ತಿ ನೋಡಿ. ಇದನ್ನು ತಿಂಗಳಿಗೊಮ್ಮೆ ಮಾಡಿ, ತಾರೀಖು ಬರೆದು ಪ್ಯಾನಲ್ ಬಾಗಿಲ ಒಳಗೆ ಅಂಟಿಸಿ.